ವಿಷಪ್ರಾಶನದ ಮೊದಲ ಗಂಟೆ: ವಿಷ ಮಾಹಿತಿ ಕೇಂದ್ರ, ತುರ್ತು ಸಹಾಯವಾಣಿ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

ಮುಂಗಾರು ಬಿತ್ತನೆ ಮುಗಿದು ಪೈರು ಮೊಳಕಾಲುದ್ದ ಬೆಳೆಯುವ ಹೊತ್ತಿಗೆ ಉಜ್ಜಿನಿ ಹಾಗೂ ಸುತ್ತಲಿನ ಗ್ರಾಮಗಳ ಮನೆಗಳಲ್ಲಿ ಕೀಟನಾಶಕದ ಬಾಟಲಿಗಳು ಕಾಣಿಸಿಕೊಳ್ಳುತ್ತವೆ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರು ನೆಚ್ಚಿಕೊಂಡಿರುವ ಮೆಕ್ಕೆಜೋಳಕ್ಕೆ ಫಾಲ್ ಸೈನಿಕ ಹುಳುವಿನ ಬಾಧೆ ಸೇರಿಕೊಂಡಿದೆ. 2018ರಲ್ಲಿ ದೇಶದಲ್ಲಿಯೇ ಮೊದಲ ಬಾರಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಈ ಹುಳು ಪತ್ತೆಯಾದ ನಂತರ ಮೆಕ್ಕೆಜೋಳಕ್ಕೂ ಔಷಧಿ ಸಿಂಪಡಿಸುವುದು ವಾಡಿಕೆಯಾಗಿದೆ. ತೌಡು ಮತ್ತು ಬೆಲ್ಲಕ್ಕೆ ಕೀಟನಾಶಕ ಬೆರೆಸಿ, ಒಂದೆರಡು ದಿನ ಕೊಳೆಯಿಸಿ, ಸುಳಿಗೆ ಹಾಕುವ ವಿಷಪಾಷಾಣವೂ ಬಳಕೆಯಲ್ಲಿದೆ. ಬೆಲ್ಲದ ವಾಸನೆಯ ಆ ತೌಡು ಹುಳುವನ್ನು ಆಕರ್ಷಿಸುವಂತೆಯೇ ಮಗುವನ್ನೂ ದನವನ್ನೂ ಆಕರ್ಷಿಸಬಲ್ಲದು.

ಇಂತಹ ಸಂದರ್ಭದಲ್ಲಿ ಅವಘಡ ಸಂಭವಿಸಿದರೆ ಮನೆಯವರು ಮೊದಲು ಕೂಗಿ ಕರೆಯುವುದು ನೆರೆಯವರನ್ನು. ನಂತರ ಆಶಾ ಕಾರ್ಯಕರ್ತೆಯನ್ನು ಅಥವಾ ವಾರ್ಡಿನ ಸದಸ್ಯರನ್ನು. ಆದ್ದರಿಂದ ವಿಷ ಮಾಹಿತಿ ಕೇಂದ್ರವೆಂದರೇನು, ಅದು ಹೇಗೆ ಕೆಲಸ ಮಾಡುತ್ತದೆ, ಯಾವ ಸಂಖ್ಯೆಗೆ ಯಾವ ಕ್ರಮದಲ್ಲಿ ಕರೆ ಮಾಡಬೇಕು ಎಂಬುದನ್ನು ಗ್ರಾಮ ಪಂಚಾಯಿತಿಯ ಪ್ರತಿಯೊಬ್ಬ ಸದಸ್ಯರೂ ಅರಿತಿರುವುದು ಅಗತ್ಯ.

ವಿಷ ಮಾಹಿತಿ ಕೇಂದ್ರವೆಂದರೇನು

ಮಾರುಕಟ್ಟೆಯಲ್ಲಿರುವ ಕೀಟನಾಶಕ, ಇಲಿ ಪಾಷಾಣ, ಶೌಚಾಲಯ ಶುದ್ಧಿಕಾರಕ, ಬಣ್ಣ, ಮಾತ್ರೆ ಮೊದಲಾದ ಸಾವಿರಾರು ವಸ್ತುಗಳಲ್ಲಿ ಯಾವುದರಲ್ಲಿ ಯಾವ ರಾಸಾಯನಿಕವಿದೆ, ಅದು ದೇಹದಲ್ಲಿ ಏನು ಮಾಡುತ್ತದೆ, ಅದಕ್ಕೆ ಪ್ರತಿವಿಷವಿದೆಯೇ ಎಂಬುದನ್ನೆಲ್ಲ ಒಬ್ಬ ವೈದ್ಯರು ನೆನಪಿನಲ್ಲಿಟ್ಟುಕೊಳ್ಳುವುದು ಅಸಾಧ್ಯ. ಈ ಕೊರತೆಯನ್ನು ತುಂಬಲು 1953ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ವಿಷ ನಿಯಂತ್ರಣ ಕೇಂದ್ರವೊಂದು ಆರಂಭವಾಯಿತು. ಅಲ್ಲಿ ಮೊದಲ ಚಿಂತೆಯಾಗಿದ್ದುದು ಮನೆಯಲ್ಲಿನ ವಸ್ತುಗಳನ್ನು ಅರಿಯದೆ ನುಂಗುವ ಚಿಕ್ಕ ಮಕ್ಕಳದು. ಮುಂದೆ ಇದೇ ಮಾದರಿಯು ಬೇರೆ ಬೇರೆ ದೇಶಗಳಿಗೆ ಹರಡಿತು.

ಭಾರತದಲ್ಲಿ ನವದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಏಮ್ಸ್) ಔಷಧ ವಿಜ್ಞಾನ ವಿಭಾಗದಲ್ಲಿ 1995ರ ಫೆಬ್ರವರಿಯಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವು ಸ್ಥಾಪನೆಯಾಯಿತು. ಇದು ದಿನದ 24 ಗಂಟೆಯೂ ಕಾರ್ಯನಿರ್ವಹಿಸುತ್ತದೆ. ಇದರ ಶುಲ್ಕರಹಿತ ಸಂಖ್ಯೆ 1800 116 117. ಸಾರ್ವಜನಿಕರೂ ವೈದ್ಯರೂ ಈ ಸಂಖ್ಯೆಗೆ ಕರೆ ಮಾಡಬಹುದು. ವಸ್ತುವಿನ ಹೆಸರು ಹೇಳಿದೊಡನೆ ಗಣಕಯಂತ್ರದಲ್ಲಿನ ಮಾಹಿತಿ ಕೋಶವನ್ನು ನೋಡಿ, ಅಪಾಯದ ಪ್ರಮಾಣವನ್ನು ಅಳೆದು, ಮುಂದಿನ ಕ್ರಮವನ್ನು ತಿಳಿಸುವುದು ಅಲ್ಲಿನ ತಜ್ಞರ ಕೆಲಸ.

ಈ ಕೇಂದ್ರವು ಏನನ್ನು ಮಾಡುವುದಿಲ್ಲ ಎಂಬುದೂ ಅಷ್ಟೇ ಮುಖ್ಯ. ಅದು ಆಂಬ್ಯುಲೆನ್ಸ್ ಕಳುಹಿಸುವುದಿಲ್ಲ, ಪ್ರತಿವಿಷವನ್ನು ಒದಗಿಸುವುದಿಲ್ಲ, ರೋಗಿಯನ್ನು ದಾಖಲಿಸಿಕೊಳ್ಳುವುದಿಲ್ಲ. ಅದು ಕೊಡುವುದು ಮಾಹಿತಿಯನ್ನು ಮಾತ್ರ. ಆದರೆ ವಿಷಪ್ರಾಶನದಲ್ಲಿ ಸರಿಯಾದ ಮಾಹಿತಿಯು ಸರಿಯಾದ ಸಮಯಕ್ಕೆ ದೊರೆಯುವುದೇ ಚಿಕಿತ್ಸೆಯ ಅರ್ಧಭಾಗ.

ಯಾವ ಸಂಖ್ಯೆಗೆ ಮೊದಲು

ರೋಗಿಗೆ ಪ್ರಜ್ಞೆ ತಪ್ಪಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಸೆಳೆತ ಬಂದಿದ್ದರೆ ಅಥವಾ ಕೀಟನಾಶಕ ಕುಡಿದಿರುವುದು ಖಚಿತವಾಗಿದ್ದರೆ ಮೊದಲ ಕರೆ 108ಕ್ಕೆ ಹೋಗಬೇಕು. ಆರೋಗ್ಯ ಕವಚ ಎಂಬ ಹೆಸರಿನ ಈ ಆಂಬ್ಯುಲೆನ್ಸ್ ಸೇವೆಯು ರಾಜ್ಯದಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು. ಆಂಬ್ಯುಲೆನ್ಸ್ ದೂರದಲ್ಲಿದೆ ಎಂದು ತಿಳಿದರೆ ಸಿಕ್ಕ ವಾಹನದಲ್ಲಿಯೇ ಹೊರಡಬೇಕು. 112 ಸಂಖ್ಯೆಯು ಪೊಲೀಸ್, ಅಗ್ನಿಶಾಮಕ ಮತ್ತಿತರ ತುರ್ತು ಸೇವೆಗಳಿಗೆ ಒಂದೇ ಬಾಗಿಲಾಗಿದೆ.

ವಾಹನಕ್ಕೆ ಕಾಯುವ ಅವಧಿಯಲ್ಲಿ ಅಥವಾ ರೋಗಿಯಲ್ಲಿ ಇನ್ನೂ ಯಾವುದೇ ಲಕ್ಷಣ ಕಾಣದಿರುವಾಗ ವಿಷ ಮಾಹಿತಿ ಕೇಂದ್ರಕ್ಕೆ ಕರೆ ಮಾಡಬೇಕು. ದೆಹಲಿಯ ಕೇಂದ್ರದಲ್ಲಿ ಸಂಭಾಷಣೆಯು ಸಾಮಾನ್ಯವಾಗಿ ಹಿಂದಿ ಅಥವಾ ಇಂಗ್ಲಿಷಿನಲ್ಲಿ ನಡೆಯುವುದರಿಂದ ಆ ಭಾಷೆ ಬಲ್ಲವರೊಬ್ಬರು ಮಾತನಾಡುವುದು ಒಳಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯು ತಾವೇ ಕರೆ ಮಾಡಿ ಪ್ರತಿವಿಷದ ಪ್ರಮಾಣವನ್ನು ಕೇಳಿ ತಿಳಿಯುವುದು ಎಲ್ಲಕ್ಕಿಂತ ಉತ್ತಮ. ಕನ್ನಡದಲ್ಲಿ ಆರೋಗ್ಯ ಸಲಹೆ ಬೇಕಾದವರಿಗೆ ರಾಜ್ಯದ 104 ಆರೋಗ್ಯ ಸಹಾಯವಾಣಿ ಇದೆ.

ಕೇಂದ್ರದವರು ಕೇಳುವ ಪ್ರಶ್ನೆಗಳು

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಮೂರು ವರ್ಷದ ಮಗುವೊಂದು ಅಟ್ಟದ ಕೆಳಗೆ ಇರಿಸಿದ್ದ ಇಲಿ ಪಾಷಾಣವನ್ನು ಬಾಯಿಗೆ ಹಾಕಿಕೊಂಡಿದೆ. ಮಗು ಆಟವಾಡುತ್ತಿದೆ, ಅಳುತ್ತಿಲ್ಲ. ಏನೂ ಆಗಿಲ್ಲವೆಂದು ಅಜ್ಜಿ ಹೇಳುತ್ತಾರೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಕೆಂದು ನೆರೆಯವರು ಹೇಳುತ್ತಾರೆ. ಈ ಹಂತದಲ್ಲಿ ಸಹಾಯವಾಣಿಗೆ ಕರೆ ಹೋದರೆ ಕೇಳಲಾಗುವ ಪ್ರಶ್ನೆಗಳು ಹೀಗಿರುತ್ತವೆ: ವಸ್ತುವಿನ ಹೆಸರೇನು, ಪೊಟ್ಟಣದ ಮೇಲೆ ಏನು ಬರೆದಿದೆ? ಎಷ್ಟು ಪ್ರಮಾಣ? ಎಷ್ಟು ಹೊತ್ತಿಗೆ? ನುಂಗಿದ್ದೇ, ಮೈಮೇಲೆ ಚೆಲ್ಲಿದ್ದೇ, ಉಸಿರಿನಲ್ಲಿ ಹೋದದ್ದೇ? ಮಗುವಿನ ವಯಸ್ಸು ಮತ್ತು ತೂಕ ಎಷ್ಟು? ಈಗ ಕಾಣುವ ಲಕ್ಷಣಗಳೇನು? ಈವರೆಗೆ ಏನು ಕೊಟ್ಟಿದ್ದೀರಿ?

ಇವುಗಳಲ್ಲಿ ಮೊದಲನೆಯ ಪ್ರಶ್ನೆಯ ಉತ್ತರವೇ ಉಳಿದುದೆಲ್ಲವನ್ನೂ ನಿರ್ಧರಿಸುತ್ತದೆ. ಏಕೆಂದರೆ ಇಲಿ ಪಾಷಾಣವೆಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ವಿಷಗಳು ಮಾರಾಟವಾಗುತ್ತವೆ. ಬ್ರೋಮಾಡಿಯೋಲೋನ್ ಎಂಬ ಬಿಲ್ಲೆಯು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕುಂದಿಸುತ್ತದೆ. ಅದರ ಪರಿಣಾಮ ಒಂದೆರಡು ದಿನಗಳ ನಂತರ ಕಾಣುತ್ತದೆ, ಅದಕ್ಕೆ ವಿಟಮಿನ್ ಕೆ ಪ್ರತಿವಿಷವಾಗಿದೆ. ಜಿಂಕ್ ಫಾಸ್ಫೈಡ್ ಪುಡಿಯು ಹೊಟ್ಟೆಯ ಆಮ್ಲದೊಂದಿಗೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಉಂಟುಮಾಡುತ್ತದೆ. ಹಳದಿ ರಂಜಕವಿರುವ ಪೇಸ್ಟ್ ಎಲ್ಲಕ್ಕಿಂತ ಮೋಸಗಾರ. ಅದನ್ನು ನುಂಗಿದವರು ಮೊದಲ ದಿನ ಸ್ವಲ್ಪ ವಾಂತಿ ಮಾಡಿ ಚೇತರಿಸಿಕೊಂಡಂತೆ ಕಾಣುತ್ತಾರೆ, ಮನೆಗೂ ಹೋಗುತ್ತಾರೆ, ಎರಡು ಮೂರು ದಿನಗಳ ನಂತರ ಯಕೃತ್ತು ಕೆಟ್ಟು ಕಾಮಾಲೆಯೊಂದಿಗೆ ಮರಳಿ ಬರುತ್ತಾರೆ. ಅದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಆದ್ದರಿಂದ ಖಾಲಿ ಪೊಟ್ಟಣವಾಗಲಿ, ಬಾಟಲಿಯಾಗಲಿ, ಹರಿದ ಚೀಟಿಯಾಗಲಿ ರೋಗಿಯೊಡನೆ ಆಸ್ಪತ್ರೆಗೆ ಹೋಗಲೇಬೇಕು. "ಎಣ್ಣೆ ಕುಡಿದಿದ್ದಾರೆ", "ಔಷಧಿ ತಗೊಂಡಿದ್ದಾರೆ" ಎಂಬ ಮಾತಿನಿಂದ ವೈದ್ಯರಿಗೆ ಯಾವ ಉಪಯೋಗವೂ ಆಗದು.

ಬಾಟಲಿಯ ಮೇಲಿನ ತ್ರಿಕೋನ

1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳ ಪ್ರಕಾರ ಪ್ರತಿ ಕೀಟನಾಶಕದ ಚೀಟಿಯ ಮೇಲೆ ಬಣ್ಣದ ತ್ರಿಕೋನದ ಗುರುತಿರಬೇಕು. ಕೆಂಪು ಅತ್ಯಂತ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ ವಿಷಕಾರಿ. ಅಕ್ಷರ ಬಾರದವರೂ ಈ ಬಣ್ಣವನ್ನು ಗುರುತಿಸಬಲ್ಲರು. ಹಸಿರು ತ್ರಿಕೋನವೆಂದರೆ ಅಪಾಯವಿಲ್ಲವೆಂದು ಅರ್ಥವಲ್ಲ. ಪ್ರಮಾಣ ಹೆಚ್ಚಾದರೆ ಅದೂ ಪ್ರಾಣಾಪಾಯವನ್ನು ತರಬಲ್ಲದು. ಅದೇ ಚೀಟಿಯಲ್ಲಿ ಪ್ರಥಮ ಚಿಕಿತ್ಸೆ ಮತ್ತು ಪ್ರತಿವಿಷದ ವಿವರವೂ ಇರುತ್ತದೆ. ಆದುದರಿಂದಲೇ ಕೀಟನಾಶಕವನ್ನು ತಂಪು ಪಾನೀಯದ ಬಾಟಲಿಗೆ ಅಥವಾ ಲೋಟಕ್ಕೆ ಬಗ್ಗಿಸಿ ಇಡುವುದು ಎರಡು ಪಟ್ಟು ತಪ್ಪು: ಕುಡಿಯುವ ವಸ್ತುವೆಂದು ಭ್ರಮೆ ಹುಟ್ಟಿಸುತ್ತದೆ, ಅವಘಡವಾದಾಗ ಗುರುತನ್ನೂ ಅಳಿಸಿರುತ್ತದೆ.

ಸಾವಯವ ರಂಜಕ ವಿಷ ದೇಹದಲ್ಲಿ ಮಾಡುವುದೇನು

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಮೊದಲಾದವು ಸಾವಯವ ರಂಜಕ ಗುಂಪಿಗೆ ಸೇರಿದವು. ಇವುಗಳ ಕ್ರಿಯೆಯನ್ನು ಊರಿನ ನೀರಿನ ವ್ಯವಸ್ಥೆಯ ಉದಾಹರಣೆಯಿಂದ ಅರಿಯಬಹುದು. ನರವು ಸ್ನಾಯುವಿಗೂ ಗ್ರಂಥಿಗೂ ಆದೇಶ ಕೊಡುವುದು ನಲ್ಲಿ ತೆರೆದಂತೆ. ಆದೇಶ ಮುಗಿದ ಕೂಡಲೇ ಅದನ್ನು ಮುಚ್ಚುವ ಕಿಣ್ವವೊಂದು ದೇಹದಲ್ಲಿದೆ. ಈ ವಿಷವು ಆ ಕಿಣ್ವವನ್ನೇ ಕೆಡಿಸುತ್ತದೆ. ನಲ್ಲಿ ತೆರೆದೇ ಉಳಿಯುತ್ತದೆ. ಬಾಯಲ್ಲಿ ಜೊಲ್ಲು, ಮೈಯಲ್ಲಿ ಬೆವರು, ಕಣ್ಣಲ್ಲಿ ನೀರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗುತ್ತದೆ. ವಾಂತಿ, ಭೇದಿ, ಸ್ನಾಯುಗಳ ಅದುರುವಿಕೆ ಉಂಟಾಗುತ್ತವೆ. ಕೊನೆಗೆ ಶ್ವಾಸನಾಳದಲ್ಲಿ ದ್ರವ ತುಂಬಿ, ಉಸಿರಾಟದ ಸ್ನಾಯುಗಳು ಸೋತು ಸಾವು ಸಂಭವಿಸುತ್ತದೆ.

ಅಟ್ರೋಪಿನ್ ಎಂಬ ಚುಚ್ಚುಮದ್ದು ಈ ದ್ರವವನ್ನು ಒಣಗಿಸಿ ಉಸಿರಾಟಕ್ಕೆ ದಾರಿ ಮಾಡಿಕೊಡುತ್ತದೆ. ಕೆಟ್ಟ ಕಿಣ್ವವನ್ನು ಮತ್ತೆ ಸರಿಪಡಿಸಲು ಪ್ರಾಲಿಡಾಕ್ಸಿಮ್ ಎಂಬ ಔಷಧಿಯನ್ನೂ ಕೊಡುವುದುಂಟು. ಹೊತ್ತು ಕಳೆದಂತೆ ವಿಷವು ಕಿಣ್ವಕ್ಕೆ ಬಿಡಿಸಲಾಗದಂತೆ ಅಂಟಿಕೊಳ್ಳುವುದರಿಂದ ಈ ಔಷಧಿಯ ಉಪಯೋಗ ಕುಂದುತ್ತದೆ. ಮೊದಲ ಗಂಟೆಗೆ ಇರುವ ಮಹತ್ವದ ಕಾರಣ ಇದೇ. ಪ್ರಯೋಗಾಲಯದ ವರದಿ ಬರುವವರೆಗೆ ಕಾಯದೆ ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಆರಂಭಿಸಲಾಗುತ್ತದೆ.

ಸುಳ್ವಾಡಿ ಮತ್ತು ಛಪ್ರಾದ ಪಾಠ

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಹನೂರು ಭಾಗದ ಸುಳ್ವಾಡಿ ಗ್ರಾಮದ ಮಾರಮ್ಮ ದೇವಾಲಯದಲ್ಲಿ ಗೋಪುರದ ಶಂಕುಸ್ಥಾಪನೆಯ ಸಂದರ್ಭದಲ್ಲಿ ಹಂಚಿದ ಪ್ರಸಾದವನ್ನು ಸೇವಿಸಿ 17 ಮಂದಿ ಮೃತಪಟ್ಟರು. ನೂರಕ್ಕೂ ಹೆಚ್ಚು ಮಂದಿ ಅಸ್ವಸ್ಥರಾದರು. ಪ್ರಸಾದದಲ್ಲಿ ಬೆರೆತಿದ್ದುದು ಮೊನೊಕ್ರೊಟೊಫಾಸ್. ಅಸ್ವಸ್ಥರಾದವರನ್ನು ಗುಡ್ಡಗಾಡಿನ ಊರುಗಳಿಂದ ಮೈಸೂರಿನ ಆಸ್ಪತ್ರೆಗಳವರೆಗೆ ಸಾಗಿಸಬೇಕಾಯಿತು. ಹಲವರಿಗೆ ಕೃತಕ ಉಸಿರಾಟದ ಯಂತ್ರವೇ ಬೇಕಾಯಿತು. ಇಷ್ಟು ಜನರಿಗೆ ಏಕಕಾಲಕ್ಕೆ ವೆಂಟಿಲೇಟರ್ ಒದಗಿಸುವುದು ತಾಲ್ಲೂಕು ಮಟ್ಟದ ಆಸ್ಪತ್ರೆಯ ಶಕ್ತಿಯನ್ನು ಮೀರಿದ ಕೆಲಸ.

ಇದಕ್ಕೆ ಐದು ವರ್ಷ ಮೊದಲು, 2013ರ ಜುಲೈ 16ರಂದು ಬಿಹಾರದ ಛಪ್ರಾ ಬಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಬಿಸಿಯೂಟ ಸೇವಿಸಿ 23 ಮಕ್ಕಳು ಅಸುನೀಗಿದರು. ಅಲ್ಲಿಯೂ ಅಡುಗೆ ಎಣ್ಣೆಯ ಮೂಲಕ ಊಟಕ್ಕೆ ಸೇರಿದ್ದುದು ಮೊನೊಕ್ರೊಟೊಫಾಸ್.

ಉಜ್ಜಿನಿಯ ಮರುಳಸಿದ್ಧೇಶ್ವರ ಸ್ವಾಮಿಯ ರಥೋತ್ಸವ ಮತ್ತು ಶಿಖರ ತೈಲಾಭಿಷೇಕಕ್ಕೆ, ಕೊಟ್ಟೂರಿನ ಗುರು ಬಸವೇಶ್ವರ ಸ್ವಾಮಿಯ ತೇರಿಗೆ ಸೇರುವ ಜನಸಾಗರವನ್ನು ಕಂಡವರಿಗೆ ಈ ಎರಡು ಘಟನೆಗಳ ಅರ್ಥವನ್ನು ವಿವರಿಸಬೇಕಾಗಿಲ್ಲ. ದಾಸೋಹದ ಉಗ್ರಾಣದ ಬೀಗ ಯಾರ ಬಳಿ ಇದೆ, ಎಣ್ಣೆಯ ಡಬ್ಬಿಗಳು ಎಲ್ಲಿಂದ ಬಂದವು, ಬಡಿಸುವ ಮೊದಲು ಯಾರು ರುಚಿ ನೋಡಿದರು, ಊಟದ ಮಾದರಿಯನ್ನು ತೆಗೆದಿರಿಸಲಾಗಿದೆಯೇ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಯಾರ ಭಕ್ತಿಗೂ ಕುಂದು ತರುವ ಸಂಗತಿಯಲ್ಲ. ವಾಸನೆ ಸರಿಯಿಲ್ಲವೆಂದು ಅಡುಗೆಯವರು ಹೇಳಿದರೆ ಆ ಊಟ ಬಡಿಸುವಂತಿಲ್ಲ ಎಂಬ ನಿಯಮವೊಂದೇ ಹಲವು ಜೀವಗಳನ್ನು ಉಳಿಸಬಲ್ಲದು.

ಒಂದೇ ಊರಿನಲ್ಲಿ ಹಲವರಿಗೆ ವಾಂತಿಭೇದಿಯಾದಾಗಲೆಲ್ಲ ಅದು ರಾಸಾಯನಿಕ ವಿಷವೇ ಆಗಿರಬೇಕೆಂದಿಲ್ಲ. 2021ರಲ್ಲಿ ಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ಜನರು ಅಸ್ವಸ್ಥರಾಗಿ ಸಾವುಗಳೂ ಸಂಭವಿಸಿದ್ದು ಕಲುಷಿತ ನೀರಿನಿಂದ. ಊಟವಾದ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಎಲ್ಲರೂ ಒಟ್ಟಿಗೆ ಬಿದ್ದರೆ ರಾಸಾಯನಿಕ ವಿಷದ ಶಂಕೆ ಬಲವಾಗುತ್ತದೆ. ದಿನದಿಂದ ದಿನಕ್ಕೆ ಬೇರೆ ಬೇರೆ ಮನೆಗಳಲ್ಲಿ ಹರಡುತ್ತ ಹೋದರೆ ನೀರಿನ ಮೇಲೆ ಶಂಕೆ ಹೋಗಬೇಕು. ಎಷ್ಟು ಹೊತ್ತಿಗೆ, ಎಷ್ಟು ಜನರಿಗೆ, ಏನು ತಿಂದ ಮೇಲೆ ಎಂಬುದನ್ನು ಸದಸ್ಯರು ಒಂದು ಹಾಳೆಯಲ್ಲಿ ಬರೆದುಕೊಂಡರೆ ಅದೇ ವೈದ್ಯರಿಗೂ ವಿಷ ಮಾಹಿತಿ ಕೇಂದ್ರಕ್ಕೂ ಮೊದಲ ಸಾಕ್ಷ್ಯ.

ಮಾಡಬೇಕಾದುದು, ಮಾಡಬಾರದುದು

1. ವಾಂತಿ ಮಾಡಿಸಬಾರದು. ಆಮ್ಲ ಅಥವಾ ಶೌಚಾಲಯ ಶುದ್ಧಿಕಾರಕವು ಇಳಿಯುವಾಗ ಒಮ್ಮೆ ಅನ್ನನಾಳವನ್ನು ಸುಟ್ಟಿರುತ್ತದೆ. ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಸೀಮೆಎಣ್ಣೆಯು ವಾಂತಿಯೊಡನೆ ಶ್ವಾಸಕೋಶಕ್ಕೆ ಸೇರಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚಿನ ಹಾನಿ ಮಾಡುತ್ತದೆ.

2. ಉಪ್ಪುನೀರು, ಹುಣಸೆ ನೀರು, ತುಪ್ಪ, ಸಗಣಿ ನೀರು ಮೊದಲಾದ ಯಾವುದನ್ನೂ ಕುಡಿಸಬಾರದು. ಪ್ರಜ್ಞೆಯಿಲ್ಲದವರ ಬಾಯಿಗೆ ನೀರನ್ನೂ ಹಾಕಬಾರದು. ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಬಾಯಿಯಲ್ಲಿರುವ ಜೊಲ್ಲು ಹೊರಗೆ ಹರಿಯುವಂತೆ ನೋಡಿಕೊಳ್ಳಬೇಕು.

3. ಕೀಟನಾಶಕ ಮೈಮೇಲೆ ಚೆಲ್ಲಿದ್ದರೆ ಬಟ್ಟೆಯನ್ನು ಕಳಚಿ, ಸಾಬೂನು ಮತ್ತು ಧಾರಾಳ ನೀರಿನಿಂದ ತೊಳೆಯಬೇಕು. ತೊಳೆಯುವವರು ಕೈಗವಸು ಅಥವಾ ಪ್ಲಾಸ್ಟಿಕ್ ಚೀಲ ಧರಿಸಬೇಕು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಶುದ್ಧ ನೀರು ಹಾಯಿಸಬೇಕು.

4. ಕಾಳಿನ ಮೂಟೆಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯು ತೇವಕ್ಕೆ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಅದಕ್ಕೆ ಪ್ರತಿವಿಷವಿಲ್ಲ. ಜನರು ಮಲಗುವ ಕೋಣೆಯಲ್ಲಿ ಅದನ್ನು ಎಂದಿಗೂ ಬಳಸಬಾರದು. ಬಳಸಿದ ಕೋಣೆಯಿಂದ ಎಲ್ಲರನ್ನೂ ಹೊರಗೆ ಕರೆತರಬೇಕು.

5. ಹಾವು ಕಚ್ಚಿದರೆ ಗಾಯವನ್ನು ಕುಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಉಂಗುರ, ಕಾಲ್ಗಡಗ ತೆಗೆದು, ಕಚ್ಚಿದ ಅಂಗವನ್ನು ಅಲುಗಾಡದಂತೆ ಇರಿಸಿ, ನಡೆಸದೆ ಸಾಗಿಸಬೇಕು. ಹಾವನ್ನು ಕೊಂದು ತರುವ ಅಗತ್ಯವಿಲ್ಲ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷವನ್ನು ಕೊಡಲಾಗುತ್ತದೆ. 2024ರಲ್ಲಿ ರಾಜ್ಯ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ.

ಮುಚ್ಚಿಡುವುದೇ ದೊಡ್ಡ ಅಪಾಯ

ವಿಷಪ್ರಾಶನದ ಹಲವು ಪ್ರಕರಣಗಳು ಆಕಸ್ಮಿಕವಲ್ಲ. ಸಾಲ, ಬೆಳೆನಷ್ಟ, ಮನೆಯೊಳಗಿನ ಜಗಳ ಒಂದು ಗಳಿಗೆಯಲ್ಲಿ ಮನುಷ್ಯನನ್ನು ಬಾಟಲಿಯ ಕಡೆಗೆ ನೂಕುತ್ತವೆ. ಆಗ ಮನೆಯವರು ಪೊಲೀಸರಿಗೂ ಮರ್ಯಾದೆಗೂ ಅಂಜಿ ವಿಷಯವನ್ನು ಮುಚ್ಚಿಡುತ್ತಾರೆ. ಹೊಟ್ಟೆನೋವೆಂದು ಸುಳ್ಳು ಹೇಳುತ್ತಾರೆ. ಅಮೂಲ್ಯವಾದ ಗಂಟೆ ಕಳೆದುಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದು ಭಾವಿಸಬೇಕೇ ಹೊರತು ಆ ಕಾರಣಕ್ಕೆ ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ತುರ್ತು ಸ್ಥಿತಿಯಲ್ಲಿರುವವರ ಜೀವ ಉಳಿಸುವುದು ವೈದ್ಯರ ಮೊದಲ ಕರ್ತವ್ಯ, ಪೊಲೀಸ್ ವಿಧಿವಿಧಾನಗಳು ಅದಕ್ಕೆ ಅಡ್ಡಿಯಾಗಬಾರದು ಎಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿಯೇ ತೀರ್ಪು ನೀಡಿದೆ. ಈ ಎರಡು ಸಂಗತಿಗಳನ್ನು ಸದಸ್ಯರು ಮನೆಯವರ ಕಿವಿಯಲ್ಲಿ ಹೇಳಿದರೆ ನಿಜ ಹೊರಬರುತ್ತದೆ.

ಮನಸ್ಸು ಕುಸಿದವರ ಮಾತು ಆಲಿಸಲು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416. ಕನ್ನಡದಲ್ಲಿ ಮಾತನಾಡಬಹುದು. ಕೀಟನಾಶಕವನ್ನು ಮನೆಯೊಳಗೆ ಇಡದೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡುವುದೂ ರಕ್ಷಣೆಯೇ. ಆ ಗಳಿಗೆಯಲ್ಲಿ ಬಾಟಲಿ ಕೈಗೆ ಸಿಗದಿದ್ದರೆ ದುಡುಕು ಇಳಿಯಲು ಸಮಯ ದೊರೆಯುತ್ತದೆ.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

ಮೊದಲನೆಯದಾಗಿ, ಪಂಚಾಯಿತಿ ಕಚೇರಿ, ಅರಿವು ಕೇಂದ್ರ, ಅಂಗನವಾಡಿ, ಶಾಲೆ, ನ್ಯಾಯಬೆಲೆ ಅಂಗಡಿ ಮತ್ತು ಗೊಬ್ಬರದ ಅಂಗಡಿಗಳ ಗೋಡೆಯ ಮೇಲೆ 108, 112, 104, 14416 ಮತ್ತು 1800 116 117 ಸಂಖ್ಯೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆಸುವುದು. ಬರೆಸುವ ಮೊದಲು ಪ್ರತಿ ಸಂಖ್ಯೆಯೂ ಚಾಲ್ತಿಯಲ್ಲಿದೆಯೇ ಎಂದು ಪರಿಶೀಲಿಸುವುದು. ವರ್ಷಕ್ಕೊಮ್ಮೆ ಮತ್ತೆ ಪರಿಶೀಲಿಸುವುದು.

ಎರಡನೆಯದಾಗಿ, ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಟ್ರೋಪಿನ್ ಮತ್ತು ಹಾವಿನ ಪ್ರತಿವಿಷದ ದಾಸ್ತಾನಿದೆಯೇ ಎಂದು ಮುಂಗಾರಿಗೆ ಮುನ್ನ ವೈದ್ಯಾಧಿಕಾರಿಯನ್ನು ಕೇಳಿ, ಉತ್ತರವನ್ನು ಸಾಮಾನ್ಯ ಸಭೆಯ ನಡವಳಿಯಲ್ಲಿ ದಾಖಲಿಸುವುದು. ವೆಂಟಿಲೇಟರ್ ಸೌಲಭ್ಯವಿರುವ ಹತ್ತಿರದ ಆಸ್ಪತ್ರೆ ಯಾವುದು, ರಾತ್ರಿ ವೇಳೆ ಅಲ್ಲಿಗೆ ಹೋಗಲು ಒಪ್ಪಿರುವ ವಾಹನಗಳು ಯಾವುವು ಎಂಬ ಪಟ್ಟಿಯನ್ನು ಪ್ರತಿ ವಾರ್ಡಿನಲ್ಲಿ ಇರಿಸುವುದು.

ಮೂರನೆಯದಾಗಿ, ಖಾಲಿ ಕೀಟನಾಶಕ ಬಾಟಲಿಗಳು ಸ್ವಚ್ಛ ವಾಹಿನಿಯ ಕಸದಲ್ಲಿ ಬೆರೆಯದಂತೆ ನೋಡಿಕೊಳ್ಳುವುದು. ಬರಿಗೈಯಲ್ಲಿ ಕಸ ವಿಂಗಡಿಸುವ ಸ್ವಸಹಾಯ ಸಂಘದ ಮಹಿಳೆಯರಿಗೆ ಅದರ ಶೇಷವೇ ವಿಷ. ಅವರಿಗೆ ಕೈಗವಸು ಕೊಡುವುದು ಪಂಚಾಯಿತಿಯ ಹೊಣೆ.

ನಾಲ್ಕನೆಯದಾಗಿ, ಪಂಚಾಯಿತಿಯ ಸ್ವಂತ ಉಗ್ರಾಣವನ್ನು ಸರಿಪಡಿಸುವುದು. ನೀರಿನ ತೊಟ್ಟಿಗೆ ಬಳಸುವ ಬ್ಲೀಚಿಂಗ್ ಪುಡಿ ಮತ್ತು ಶೌಚಾಲಯಕ್ಕೆ ಬಳಸುವ ಆಮ್ಲವನ್ನು ಒಂದೇ ಕಡೆ ಇಡಬಾರದು. ಎರಡೂ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ನೀರುಗಂಟಿಗಳಿಗೆ ಈ ವಿಷಯವನ್ನು ತಿಳಿಸಬೇಕು.

ಐದನೆಯದಾಗಿ, ಶಾಲಾ ಆವರಣದ ಬೇಲಿಗಳಲ್ಲಿ ಜಟ್ರೋಫಾ, ಉಮ್ಮತ್ತಿ, ಹಳದಿ ಕಣಗಿಲೆ ಬೆಳೆದಿದ್ದರೆ ತೆಗೆಸುವುದು. ಜಟ್ರೋಫಾದ ಬೀಜವನ್ನು ಶೇಂಗಾದಂತೆ ಭಾವಿಸಿ ತಿನ್ನುವ ಮಕ್ಕಳಿದ್ದಾರೆ.

ಈ ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ವಿಶೇಷ ಅನುದಾನ ಬೇಕಿಲ್ಲ. ಒಂದು ನಿರ್ಣಯ, ಒಂದು ಡಬ್ಬಿ ಬಣ್ಣ ಮತ್ತು ವರ್ಷಕ್ಕೊಮ್ಮೆ ಕೆಲವು ಕರೆಗಳು ಸಾಕು. ಬಿತ್ತನೆಗೆ ಮುನ್ನ ನಡೆಯುವ ಗ್ರಾಮ ಸಭೆಯ ವಿಷಯಪಟ್ಟಿಯಲ್ಲಿ ಇದಕ್ಕೆ ಸ್ಥಾನ ದೊರೆತರೆ, ಬಾಟಲಿ ಕೈಯಲ್ಲಿ ಹಿಡಿದು ದಿಕ್ಕುಗಾಣದೆ ನಿಂತ ತಾಯಿಯೊಬ್ಬಳಿಗೆ ಗೋಡೆಯ ಮೇಲಿನ ಸಂಖ್ಯೆಯು ದಾರಿ ತೋರಿಸುವುದು.